ಎಂಟು ಭಾನುವಾರ, ಒಂದೂವರೆ ಕೌದಿ

ಮೊದಲಿಗೇ ಹೇಳಿಬಿಡುತ್ತೇನೆ: ಕೌದಿಯನ್ನು (ಹಳೆ ಸೀರೆ ಪದರು ಪದರಾಗಿ ಸೇರಿಸಿ ಹೊಲಿದ ಹೊದಿಕೆ) ಕೈಯಲ್ಲಿ ಹೊಲಿಯಲು ಕಲಿಸುವ ಕ್ಲಾಸಿಗೆ ಹೋಗಿ, ಅಲ್ಲಿ ಮಾರುವ ಕಿಟ್ ಮಾತ್ರ ತಗೋಬೇಡಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು.

ಇದನ್ನು ಹೇಳಲು ನಾನ್ಯಾರು ಅಂದರೆ, ಕಲಬುರಗಿಯ ಬ್ರಹ್ಮಪುರದಲ್ಲಿ ಬ್ಲೌಸ್ ಹೊಲಿಯುವವಳು. ಮಶೀನಿಗೆ ಕೂತು 22 ವರ್ಷ ಆಯ್ತು. ಲಗ್ನದ ಸೀಸನ್ನಿನಲ್ಲಿ ರಾತ್ರಿ 1 ಗಂಟೆಗೂ ಕಾಲು ಆಡುತ್ತಲೇ ಇರುತ್ತದೆ. ಕೈಹೊಲಿಗೆ ಅಂದರೆ ನನಗೆ ಹುಕ್ಕು, ಕಾಜಾ, ಹೆಮ್ಮಿಂಗು, ಇಷ್ಟೇ. ಕೌದಿ ಹೊಲಿಯುವುದು ಕೂತು ಕಲಿಯಬೇಕಾದ ವಿದ್ಯೆ ಅಂತ ಹೋದ ವರ್ಷದವರೆಗೆ ನನ್ನ ತಲೆಗೇ ಬಂದಿರಲಿಲ್ಲ. ನಮ್ಮವ್ವ, ನಮ್ಮತ್ತೆ ಮಧ್ಯಾಹ್ನ ಪಡಸಾಲೆಯಲ್ಲಿ ಹರಟೆ ಹೊಡೆಯುತ್ತ ಹೊಲಿದು ಮುಗಿಸುತ್ತಿದ್ದರು. ಪುರುಸೊತ್ತಿಲ್ಲದವರು ಓಣಿಗೆ ಬರುವ ಕೌದಿ ಹೊಲಿಯುವ ಹೆಂಗಸರಿಗೆ ಹಳೆ ಸೀರೆ ಕೊಟ್ಟು, ರೊಕ್ಕದ ಜೊತೆ ಒಂದಿಷ್ಟು ಜೋಳ ಹಾಕಿ ಹೊಲಿಸಿಕೊಳ್ಳುತ್ತಿದ್ದರು.

ಈ ಸೊಕ್ಕು ಮುರಿದದ್ದು ಒಬ್ಬ ಗಿರಾಕಿ. ತಾಯಿ ತೀರಿಕೊಂಡ ಮೇಲೆ ಆಕೆಯ 5 ಸೀರೆ ತಂದು "ಅಕ್ಕಾ, ಒಂದು ಕೌದಿ ಮಾಡಿಕೊಡ್ರಿ" ಅಂದಳು. 800 ರೂಪಾಯಿ ಹೇಳಿದೆ, ಎರಡು ಸಂಜೆಯಲ್ಲಿ ಮಶೀನಿನ ಮೇಲೆ ಹೊಡೆದು ಕೊಟ್ಟೆ. ನಾಲ್ಕನೇ ದಿನಕ್ಕೆ ತಿರುಗಿ ಬಂತು. ಒಂದು ಸಲ ಒಗೆದಿದ್ದಳಂತೆ. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಇದು ಕೌದಿ ಆಗಿಲ್ಲ, ಗೋಣಿತಟ್ಟು ಆಗ್ಯಾದ."

ಹಾಸಿ ನೋಡಿದೆ. ಆಕೆ ಹೇಳಿದ್ದು ಖರೇ. ಮಶೀನಿನ ಹಲ್ಲು ತಳದ ಪದರನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲಿನ ಪದರನ್ನು ಒತ್ತಿ ಹಿಂದೆ ಉಳಿಸುತ್ತದೆ. ಎರಡು ಪದರಿನ ಬ್ಲೌಸಿನಲ್ಲಿ ಗೊತ್ತೇ ಆಗದ ಈ ಎಳೆದಾಟ ಐದು ಪದರಿನಲ್ಲಿ ಸುಕ್ಕು ಸುಕ್ಕಾಗಿ ನಿಂತುಬಿಡುತ್ತದೆ. ಸಾಲದ್ದಕ್ಕೆ ಮೇಲಿನ ದಾರ, ಕೆಳಗಿನ ದಾರ ಪ್ರತಿ ತೂತಿನಲ್ಲೂ ಒಂದಕ್ಕೊಂದು ಬಿಗಿದುಕೊಂಡು ಬಟ್ಟೆ ಬಿರುಸಾಗುತ್ತದೆ. ಕೈ ಟಾಕಾದಲ್ಲಿ, ಅಂದರೆ ಕೈಯಲ್ಲಿ ಹಾಕುವ ಹೊಲಿಗೆಯಲ್ಲಿ, ಇರುವುದು ಒಂದೇ ದಾರ. ಮುಳುಗುತ್ತ ಏಳುತ್ತ ಹೋಗುತ್ತದೆ, ಬಟ್ಟೆ ಮೆತ್ತಗೇ ಉಳಿಯುತ್ತದೆ. ಇಷ್ಟು ವರ್ಷ ಹೊಲಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. 800 ರೂಪಾಯಿ ವಾಪಸ್ ಕೊಟ್ಟೆ, ಕೌದಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಆಮೇಲೆ ಎರಡು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿದೆ. ಅಮೆರಿಕದ ಅಜ್ಜಿಯರು ಕಟ್ಟಿಗೆಯ ರಿಂಗಿಗೆ ಬಟ್ಟೆ ಸಿಕ್ಕಿಸಿ, ಕಿರುಬೆರಳಿನ ಅರ್ಧಕ್ಕಿರುವ ಸೂಜಿಯಲ್ಲಿ ಇರುವೆ ಸಾಲಿನಂಥ ಟಾಕಾ ಹಾಕುತ್ತಾರೆ. ನೋಡಲು ಚಂದ. ಆದರೆ ಕ್ಯಾಮೆರಾ ನೋಡುವುದು ಮೇಲಿನಿಂದ, ಕೆಲಸ ನಡೆಯುವುದು ಬಟ್ಟೆಯ ಕೆಳಗೆ. ಅದು ತಿಳಿದದ್ದು ಕ್ಲಾಸಿಗೆ ಹೋದ ಮೇಲೆ.

ಕ್ಲಾಸು ಆಳಂದ ರಸ್ತೆ ಕಡೆ, ಒಂದು ಮನೆಯ ಮೇಲಂತಸ್ತಿನಲ್ಲಿ. ಯುಗಾದಿ ಆದ ಮೇಲಿನ 8 ಭಾನುವಾರ, ಮುಂಜಾನೆ 10ರಿಂದ 1ರವರೆಗೆ, ಫೀ 1,500 ರೂಪಾಯಿ. ಹೋಗಿಬರುವ ಖರ್ಚಿಲ್ಲ, ಶಕ್ತಿ ಟಿಕೆಟ್ ಇದೆಯಲ್ಲ. ಯಾರ ಹೆಸರೂ ಇಲ್ಲಿ ಬರೆಯುವುದಿಲ್ಲ. ಕಲಿಸುವ ಆಯಿ ಬೇಡ ಅಂದಿದ್ದಾರೆ, ನಡೆಸುವವರ ಬಗ್ಗೆ ಮುಂದೆ ನಾಲ್ಕು ಖಾರದ ಮಾತು ಇವೆ.

ಆಯಿಗೆ 70 ದಾಟಿದೆ. ಆಳಂದ ತಾಲ್ಲೂಕಿನ ಹಳ್ಳಿಯವರು. ಮೊದಲನೇ ದಿನ ನಮಗೆಲ್ಲ ಮೂರು ಪದರಿನ ಕರವಸ್ತ್ರದಷ್ಟು ಬಟ್ಟೆ ಕೊಟ್ಟು ಒಂದು ಸಾಲು ಟಾಕಾ ಹಾಕಿ ಅಂದರು. ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನು. ಗೆರೆ ಹೊಡೆದ ಹಾಗೆ ನೆಟ್ಟಗಿತ್ತು. ಆಯಿ ಅದನ್ನು ನೋಡಲೇ ಇಲ್ಲ, ಬಟ್ಟೆ ಮಗುಚಿ ಹಿಂಬದಿ ನೋಡಿದರು.

"ಯವ್ವಾ, ಮ್ಯಾಲ ಮದಿವಿ ಮನಿ, ಕೆಳಗ ಸಂತಿ ಆಗ್ಯಾದಲ್ಲ!"

ಹಿಂಬದಿಯಲ್ಲಿ ಒಂದು ಟಾಕಾ ಅಕ್ಕಿಕಾಳಿನಷ್ಟು, ಮುಂದಿನದು ಎಳ್ಳಿನಷ್ಟು, ಅದರ ಮುಂದಿನದು ಕೆಳಗಿನ ಪದರನ್ನು ಹಿಡಿದೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಆವತ್ತಿನಿಂದ ಆಯಿ ಹೇಳಿಕೊಟ್ಟದ್ದು ಎಡಗೈ ಕೆಲಸ. ಮೂರು ಭಾನುವಾರ ಬರೀ ಇದೇ. ಬಲಗೈ ಸೂಜಿಯನ್ನು ನೆಟ್ಟಗೆ, ಕಂಬ ನಿಲ್ಲಿಸಿದ ಹಾಗೆ ಇಳಿಸಬೇಕು. ನಮ್ಮ ರೂಢಿ ಏನು? ಓರೆಯಾಗಿ ಚುಚ್ಚಿ ಓರೆಯಾಗಿ ತೆಗೆಯುವುದು. ಓರೆ ಹೋದ ಸೂಜಿ ಮೇಲೆ ಒಂದಳತೆ ಹಿಡಿದರೆ ಕೆಳಗೆ ಇನ್ನೊಂದಳತೆ ಹಿಡಿಯುತ್ತದೆ. ನೆಟ್ಟಗೆ ಇಳಿದ ಸೂಜಿಯ ಮೂತಿ ಎಡಗೈ ಬೆರಳಿಗೆ ಸಣ್ಣಗೆ ತಾಗಬೇಕು. ಚುಚ್ಚಬಾರದು, ತಾಗಬೇಕು. ತಾಗಿದ ಗಳಿಗೆಗೆ ಆ ಬೆರಳು ಬಟ್ಟೆಯನ್ನು ಕೆಳಗಿನಿಂದ ಎತ್ತಿ ಸಣ್ಣ ದಿನ್ನೆ ಮಾಡುತ್ತದೆ, ಮೇಲೆ ಹೆಬ್ಬೆರಳು ಸೂಜಿಯ ಮುಂದೆ ಒತ್ತಿ ಹಳ್ಳ ಮಾಡುತ್ತದೆ, ಸೂಜಿ ಹಿಂದಕ್ಕೆ ಮಲಗಿ ಆ ದಿನ್ನೆಯಲ್ಲಿ ತಲೆ ಎತ್ತುತ್ತದೆ. ತುದಿ ಕಂಡಿತೋ ಇಲ್ಲವೋ ಮತ್ತೆ ಸೂಜಿ ನಿಲ್ಲಿಸಬೇಕು, ಮತ್ತೆ ಇಳಿಸಬೇಕು. ತೊಟ್ಟಿಲು ತೂಗಿದ ಹಾಗೆ. ಸೂಜಿಯ ಮೇಲೆ ಮೂರೋ ನಾಲ್ಕೋ ಟಾಕಾ ಕೂತ ಮೇಲೆ ಒಮ್ಮೆಗೇ ಎಳೆಯುವುದು. ಅಮೆರಿಕದ ಅಜ್ಜಿಯರು ಮಾಡುವುದೂ ಇದನ್ನೇ. ಅವರಿಗೆ ಕಟ್ಟಿಗೆ ರಿಂಗು, ನಮ್ಮ ಆಯಿಗೆ ಎತ್ತಿ ಕೂತ ಮೊಣಕಾಲು.

ನನಗೆ ಸಿಟ್ಟು ಬಂದದ್ದು ಯಾವುದಕ್ಕೆ ಅಂದರೆ ಕೆಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಪ್ರತಿ ಟಾಕಾಕ್ಕೂ ಬಟ್ಟೆ ಎತ್ತಿ ಬಗ್ಗಿ ನೋಡುತ್ತಿದ್ದೆ. ಆಯಿ ನನ್ನ ಕೈ ಮೇಲೆ ಒಂದು ಏಟು ಹಾಕಿದರು. "ಕಣ್ಣಿಗಿ ಕಾಣಂಗಿಲ್ಲ ಅದು, ಬೆರಳಿಗಿ ಕಾಣ್ತದ. ನೀ ಯಾಕ ಬಗ್ಗಿ ನೋಡ್ಲತ್ತಿ?"

ಬೆರಳಿನ ವಿಷಯವನ್ನು ಮುಚ್ಚಿಡದೆ ಬರೆಯುತ್ತೇನೆ, ಹೋಗುವವರಿಗೆ ಗೊತ್ತಿರಲಿ. ಎರಡನೇ ವಾರ ಎಡಗೈ ತೋರುಬೆರಳಿನ ತುದಿ ಜರಡಿ ಆಗಿತ್ತು. ಹುಣಸೆಹಣ್ಣು ಕಿವುಚಿದರೆ ಜೀವ ಹೋಗುತ್ತಿತ್ತು. ಪ್ಲಾಸ್ಟರ್ ಸುತ್ತಿಕೊಂಡು ಹೋದೆ. ಉರಿ ನಿಂತಿತು, ಸೂಜಿ ತಾಗುವುದೂ ಗೊತ್ತಾಗಲಿಲ್ಲ, ಆವತ್ತಿನ ಹಿಂಬದಿ ಪೂರ್ತಿ ಹಾಳು. ಆಯಿ ತಮ್ಮ ಬೆರಳು ತೋರಿಸಿದರು. ತುದಿಯಲ್ಲಿ ಶೇಂಗಾ ಸಿಪ್ಪೆಯಂಥ ಗಟ್ಟಿ ಚರ್ಮ. ನಾಲ್ಕನೇ ವಾರದ ಹೊತ್ತಿಗೆ ನನಗೂ ಸಣ್ಣದೊಂದು ಗಟ್ಟಿ ಜಾಗ ಆಯ್ತು, ಅಲ್ಲಿಂದ ಉರಿ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ಹಟಕ್ಕೆ ಬೀಳಬೇಡಿ, ಬೆರಳಿಗೆ ತೆಳ್ಳನೆಯ ಚರ್ಮದ ಕವಚ ಏನಾದರೂ ಹಾಕಿಕೊಳ್ಳಿ.

ಮೇ ತಿಂಗಳ ಬಿಸಿಲು 42 ಡಿಗ್ರಿ, ಕೋಣೆಯಲ್ಲಿ 24 ಹೆಂಗಸರಿಗೆ ಎರಡೇ ಫ್ಯಾನು. ಬೆವರಿನ ಕೈಯಲ್ಲಿ ಸೂಜಿ ಜಾರುತ್ತದೆ, ಐದು ಪದರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಆಯಿಯ ಚೀಲದಲ್ಲಿ ಒಂದು ವಿಭೂತಿ ಗಟ್ಟಿ ಇತ್ತು. ಆಗಾಗ ಬೆರಳು ತೀಡಿಕೊಂಡು ಹೊಲಿಯುತ್ತಿದ್ದರು. ಹಣೆಗೂ ಅದೇ, ಸೂಜಿಗೂ ಅದೇ. ನಾನೂ ಈಗ ಮಶೀನಿನ ಡ್ರಾಯರ್‌ನಲ್ಲಿ ಒಂದು ಇಟ್ಟುಕೊಂಡಿದ್ದೇನೆ.

ಇಂಥ ಸಣ್ಣಸಣ್ಣವು ಭಾಳ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. "ಮಾರುದ್ದ ದಾರ ತಗೊಂಡಾಕಿ ಗಂಟು ಬಿಚ್ಚಕೋತ ಕುಂದರತಾಳ" ಅಂತ ಆಯಿ ಅಂದದ್ದು ನನ್ನನ್ನೇ ನೋಡಿ. ಗಂಟು ಹೊರಗೆ ಕಾಣಬಾರದು, ಬಟ್ಟೆಗೆ ನುಂಗಿಸಬೇಕು. ಒಂದಿಂಚು ದೂರದಿಂದ ಸೂಜಿ ಮೇಲಿನ ಪದರಿಗಷ್ಟೇ ಹೊಗಿಸಿ, ಹೊಲಿಗೆ ಶುರುವಾಗುವ ಜಾಗದಲ್ಲಿ ತೆಗೆದು, ಪಟ್ ಎಂದು ಜಗ್ಗಿದರೆ ಗಂಟು ಒಳಗೆ ಹೋಗಿ ಕೂರುತ್ತದೆ. ಮೆಲ್ಲಗೆ ಜಗ್ಗಿದರೆ ಹೋಗುವುದಿಲ್ಲ, ಜೋರಾದರೆ ಆ ಕಡೆಗೇ ಹೊರಬೀಳುತ್ತದೆ. ನನಗೆ ಈ ಒಂದು ಜಗ್ಗು ಬರಲು ಇಡೀ ಭಾನುವಾರ ಹೋಯ್ತು, ಬಂದ ದಿನ ಮಾತ್ರ ಪಟಾಕಿ ಹೊಡೆದ ಹುಡುಗರ ಹಾಗೆ ಮತ್ತೆ ಮತ್ತೆ ಅದನ್ನೇ ಮಾಡಿದೆ. ಗೆರೆ ಹಾಕಲು ಆಯಿ ಸ್ಕೇಲು ಮುಟ್ಟುವುದಿಲ್ಲ. ದಾರವನ್ನು ರಂಗೋಲಿ ಪುಡಿಯಲ್ಲಿ ಹೊರಳಿಸಿ, ಎರಡು ತುದಿ ಇಬ್ಬರು ಹಿಡಿದು, ನಡುವೆ ಎತ್ತಿ ಬಿಟ್ಟರೆ ಕೌದಿಯ ಉದ್ದಕ್ಕೂ ಬಿಳಿ ಗೆರೆ ಬೀಳುತ್ತದೆ. ಝಾಡಿಸಿದರೆ ಹೋಗುತ್ತದೆ.

ಟಾಕಾದ ಅಳತೆ ಎಷ್ಟಿರಬೇಕು ಅಂತ ಒಬ್ಬಾಕೆ ಕೇಳಿದಳು. ವಿಡಿಯೋಗಳಲ್ಲಿ ಇಂಚಿಗೆ 10, 12 ಅನ್ನುತ್ತಾರೆ. ಅದು ತೆಳು ಬಟ್ಟೆ, ತೆಳು ಹತ್ತಿ ಹಾಸಿನ ಲೆಕ್ಕ. ಐದು ಸೀರೆಯ ಕೌದಿಗೆ ಆ ಲೆಕ್ಕ ಹಿಡಿದು ಕೂತರೆ ಬೆರಳೂ ಉಳಿಯುವುದಿಲ್ಲ, ಸೂಜಿಯೂ ಉಳಿಯುವುದಿಲ್ಲ. ಆಯಿ ಲೆಕ್ಕ ಹೇಳಲಿಲ್ಲ. "ಕಾಲುಂಗುರ ಸಿಗಬಾರದು, ಅಷ್ಟ ನೋಡ್ಕೋ" ಅಂದರು. ರಾತ್ರಿ ಹೊದ್ದು ಮಲಗಿದವಳ ಕಾಲುಂಗುರ ಉದ್ದ ಟಾಕಾಕ್ಕೆ ಸಿಕ್ಕಿ ದಾರ ಕಿತ್ತು ಬರುತ್ತದಲ್ಲ, ಅದು. ಇದಕ್ಕಿಂತ ಛಲೋ ಅಳತೆಪಟ್ಟಿ ನಾನು ನೋಡಿಲ್ಲ.

ಇನ್ನು ಕಿಟ್.

650 ರೂಪಾಯಿ. ಕಡ್ಡಾಯ ಅಲ್ಲ ಅನ್ನುತ್ತಾರೆ, ಆದರೆ ಮೊದಲನೇ ದಿನ ತಗೊಳ್ಳದವರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ನಾನೂ ನಾಚಿಕೆಗೆ ತಗೊಂಡೆ. ಒಳಗೆ ಏನಿತ್ತು? ಒಂದು ಪ್ಲಾಸ್ಟಿಕ್ ರಿಂಗು, ಮೂರು ಪದರಿಗೇ ಅದರ ತಿರುಪು ಬಾಯಿ ಬಿಟ್ಟಿತು. ಕಸೂತಿಯ ಉದ್ದ ಸೂಜಿ 10. ಅವು ದಪ್ಪ ಬಟ್ಟೆಯಲ್ಲಿ ಬಾಗುತ್ತವೆ, ಮೂರನೇ ವಾರಕ್ಕೆ ನನ್ನ ಡಬ್ಬಿಯಲ್ಲಿ ಎಲ್ಲವೂ ಬಿಲ್ಲಾಗಿದ್ದವು. ನನ್ನ ಹೆಬ್ಬೆರಳಿಗೂ ದೊಡ್ಡದಾಗುವ ಒಂದು ಅಂಗುಸ್ತಾನ (ಸೂಜಿ ತಳ್ಳಲು ಬೆರಳಿಗೆ ಹಾಕುವ ಟೋಪಿ). ಒಂದು ನೀಲಿ ಪೆನ್ನು, ನೀರು ತಾಗಿದರೆ ಗೆರೆ ಹೋಗುತ್ತದೆ ಅಂತ. ಹೋಗುತ್ತದೆ ನಿಜ, ಆದರೆ ಒಗೆಯುವ ಮೊದಲು ಇಸ್ತ್ರಿ ತಾಗಿಸಿದರೆ ಅಲ್ಲೇ ಕೂತುಬಿಡುತ್ತದೆ, ಅದನ್ನು ಯಾರೂ ಹೇಳಲಿಲ್ಲ. ಶಹಾಬಾದ್‌ನಿಂದ ಬರುತ್ತಿದ್ದ ಒಬ್ಬಾಕೆಯ ಬಿಳಿ ಬಟ್ಟೆ ಹೀಗೇ ಹೋಯ್ತು.

ದಾರದ ರೀಲಿನ ಮೇಲೆ ಶುದ್ಧ ಹತ್ತಿ ಅಂತ ಬರೆದಿತ್ತು. ಮುಟ್ಟಿದ ಕೂಡಲೇ ಸಂಶಯ ಬಂತು. ದೇವರ ಗೂಡಿನಿಂದ ಕಡ್ಡಿಪೆಟ್ಟಿಗೆ ತಂದು, ನಡೆಸುವ ಮೇಡಂ ಎದುರಿಗೇ ಒಂದು ಗೇಣು ದಾರ ಸುಟ್ಟೆ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಬೇಕು. ಇದು ಕರಗಿ ತುದಿಯಲ್ಲಿ ಕರಿಮಣಿ ಕಟ್ಟಿತು. "ಮಿಕ್ಸ್ ಇರಬಹುದು" ಅಂದರು ಮೇಡಂ. ಮಿಕ್ಸ್ ಆದರೆ ಹಾಗೆ ಬರೆಯಲಿ. ಇದು ಬರೀ ಹಟದ ಮಾತಲ್ಲ: ಸವೆದ ಹತ್ತಿ ಸೀರೆಗಿಂತ ಪಾಲಿಯೆಸ್ಟರ್ ದಾರ ಗಟ್ಟಿ. ಎಳೆದಾಟ ಆದಾಗ ದಾರ ಕಡಿಯುವ ಬದಲು ಬಟ್ಟೆ ಹರಿಯುತ್ತದೆ. ಕಡಿದ ದಾರ ಮತ್ತೆ ಹಾಕಬಹುದು, ಹರಿದ ಅವ್ವನ ಸೀರೆ ಎಲ್ಲಿಂದ ತರುವುದು? ರೊಕ್ಕ ವಾಪಸ್ ಕೊಡಲಿಲ್ಲ. ನನಗೆ ಮಾತ್ರ ಮುಂದಿನ ವಾರ ಚಹಾದ ಜೊತೆ ಎರಡು ಬಿಸ್ಕಿಟ್ ಹೆಚ್ಚು ಕೊಟ್ಟರು.

ಕಿಟ್ ಬದಲು ಏನು ತಗೋಬೇಕು ಅಂತ ಕೇಳುವವರಿಗೆ: ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಟೇಲರಿಂಗ್ ಸಾಮಾನಿನ ಅಂಗಡಿಗಳು ಇವೆಯಲ್ಲ, ಅಲ್ಲಿಗೆ ಹೋಗಿ. ನಾನು ವರ್ಷಗಟ್ಟಲೆ ಹುಕ್ಕು ತಗೊಳ್ಳುವ ಅಂಗಡಿಯ ಚಾಚಾಗೆ ಕೌದಿಗೆ ಸೂಜಿ ಬೇಕು ಅಂದೆ, ಕೈಯಲ್ಲಿ ದಬ್ಬಣದ ಅಳತೆ ತೋರಿಸಿದೆ. "ಬಡೀ ಸೂಯಿ ನಕ್ಕೊ ಆಪಾ, ಛೋಟೀ ಲೇಲೋ" (ದೊಡ್ಡ ಸೂಜಿ ಬೇಡ ಅಕ್ಕಾ, ಸಣ್ಣದು ತಗೋ) ಅಂದು ಒಂದು ಗಿಡ್ಡ ಸೂಜಿಯ ಪ್ಯಾಕೆಟ್ ಇಟ್ಟರು. ಬಿಟ್ವೀನ್ಸ್ ಅನ್ನುತ್ತಾರೆ ಇದಕ್ಕೆ, ವಿಡಿಯೋ ಅಜ್ಜಿಯರದ್ದೂ ಇದೇ ಜಾತಿ. ಗಿಡ್ಡ ಇರುವುದರಿಂದ ಬಾಗುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ನಂಬರು ಹೆಚ್ಚಾದಷ್ಟು ಸೂಜಿ ಸಣ್ಣದು, ಇದನ್ನು ನೆನಪಿಡಿ, ನಾನು ತಿರುಗಾಮುರುಗಾ ತಿಳಿದು 10ನೇ ನಂಬರು ತಂದು ಅದರ ಕಣ್ಣಿಗೆ ದಾರ ಹೊಗಿಸಲು ಹೋಗಿ ಸೋತೆ. ಅಭ್ಯಾಸದ ಮೂರು ಪದರಿಗೆ 8, ಖರೇ ಕೌದಿಗೆ 7 ಅಥವಾ ಅದಕ್ಕಿಂತ ದಪ್ಪದ್ದು. ಹತ್ತಿ ದಾರದ ಎರಡು ಉಂಡೆ, ದಾರ ತೀಡಲು ಒಂದು ತುಂಡು ಜೇನುಮೇಣ, ಒಂದು ಅಂಗುಸ್ತಾನ, ಎಲ್ಲ ಸೇರಿ 190 ರೂಪಾಯಿ. ಅಂಗುಸ್ತಾನದಲ್ಲಿ ಟೇಲರುಗಳು ಹಾಕುವ ಮೇಲೆ ಬಾಯಿ ತೆರೆದ ಉಂಗುರದಂಥದ್ದು ಬೇಡ, ಅದು ಬೆರಳಿನ ಬದಿಯಿಂದ ತಳ್ಳಲು. ತೊಟ್ಟಿಲು ತೂಗುವ ಟಾಕಾಕ್ಕೆ ತಲೆ ಮುಚ್ಚಿದ್ದು, ತಲೆ ಮೇಲೆ ಗುಳಿ ಗುಳಿ ಇರುವುದು ಬೇಕು. ಸೂಜಿಯ ಬುಡ ಗುಳಿಯಲ್ಲಿ ಕೂತರೆ ಆಚೆ ಈಚೆ ಸರಿಯುವುದಿಲ್ಲ. ಆಯಿ ಇದೇನೂ ಹಾಕುವುದಿಲ್ಲ. ಅವರ ನಡುಬೆರಳೇ ಅಂಗುಸ್ತಾನ.

ನಡೆಸುವವರ ಮೇಲೆ ಇನ್ನೂ ಎರಡು ದೂರು. 24 ಜನಕ್ಕೆ ಒಬ್ಬರೇ ಆಯಿ ಅಂದರೆ ಮೂರು ತಾಸಿನಲ್ಲಿ ಒಬ್ಬೊಬ್ಬರ ಹತ್ತಿರ ಕೂರಲು ಏಳೂವರೆ ನಿಮಿಷ. ಅದರಲ್ಲಿ ಎರಡು ಭಾನುವಾರ ಕೊನೆಯ ಒಂದು ತಾಸು ನುಂಗಿದ್ದು "ನಿಮ್ಮ ಕೌದಿ ಫೋಟೋ ತೆಗೆದು ಮಾರುವುದು ಹೇಗೆ" ಎಂಬ ಭಾಷಣ. ಇನ್ನೂ ಕೌದಿಯೇ ಆಗಿಲ್ಲ ತಾಯಿ! ಎಡಗೈಯಲ್ಲಿ ಹೊಲಿಯುವ ಒಬ್ಬ ಹುಡುಗಿ ಇದ್ದಳು, ಆಕೆಗೆ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವಿ ಹೇಳಬೇಕಿತ್ತು, ಯಾರಿಗೂ ಪುರುಸೊತ್ತಾಗಲಿಲ್ಲ, ಐದನೇ ವಾರದಿಂದ ಬರುವುದು ಬಿಟ್ಟಳು. ಕೊಟ್ಟ ಝೆರಾಕ್ಸ್ ಹಾಳೆಗಳು ಪೂರ್ತಿ ಇಂಗ್ಲಿಷಿನಲ್ಲಿ. ಅದರಲ್ಲಿ ಒಂದು ಚಿತ್ರ ಮಾತ್ರ ಆಯಿಗೆ ಹಿಡಿಸಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ಹೂವಿನಂತೆ ಹೊಲಿಯುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಆಯಿ ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದರು. "ಇಕಿ ಯಾರೋ ನಮ್ಮಕೀನೇ" ಅಂದರು. ಅವರೂ ನಮಗೆ ಅಂಚಿನಿಂದಲೇ ಸುತ್ತು ಹಾಕಿಸಿದ್ದರು, ಮೊದಲು ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕಿ ಪದರು ಅಲುಗದ ಹಾಗೆ ಕಟ್ಟಿ, ಆಮೇಲೆ.

ನನಗೆ ಎಷ್ಟು ಬಂತು? ಅಂಗಡಿಯಲ್ಲಿ ದಿನಾ ಊಟ ಆದ ಮೇಲೆ 20 ನಿಮಿಷ, ಒಂದೇ ಬಟ್ಟೆಯ ಮೇಲೆ ತಾರೀಖು ಬರೆದು ಒಂದು ಸಾಲು ಹಾಕುತ್ತಿದ್ದೆ. ಆ ಬಟ್ಟೆ ಈಗಲೂ ಗೋಡೆಗಿದೆ. ಮೊದಲ ಸಾಲಿನಲ್ಲಿ ಇಂಚಿಗೆ 4, ಅದೂ ಒಂದೊಂದು ಒಂದೊಂದು ಥರ. ನಡುವೆ ಮೂರನೇ ವಾರ ಸಣ್ಣದು ಮಾಡುವ ಹುಚ್ಚಿಗೆ ಬಿದ್ದು 8ಕ್ಕೆ ಹೋಗಿದ್ದೇನೆ, ಹಿಂಬದಿಯಲ್ಲಿ ಅರ್ಧ ಟಾಕಾ ಇಲ್ಲವೇ ಇಲ್ಲ. ಕೊನೆಯ ಸಾಲಿನಲ್ಲಿ 6, ಮೇಲೆ ಕೆಳಗೆ ಹೆಚ್ಚುಕಮ್ಮಿ ಒಂದೇ. ಆಯಿ ಅದನ್ನು ಮಗುಚಿ ನೋಡಿ ಏನೂ ಹೇಳದೆ ಪಕ್ಕದವಳ ಕಡೆ ಸರಿದರು. ಪ್ರಮಾಣಪತ್ರವನ್ನೂ ಕೊಟ್ಟರು, ಅದರಲ್ಲಿ ನನ್ನ ಹೆಸರು ತಪ್ಪಾಗಿದೆ.

5ಕ್ಕೆ 4 ಚುಕ್ಕಿ ಕೊಡುತ್ತೇನೆ. ಕಡಿದ ಒಂದು ಚುಕ್ಕಿ ಕಿಟ್‌ದು. ದಸರಾ ಆದ ಮೇಲೆ ಹೊಸ ಬ್ಯಾಚ್ ಇದೆಯಂತೆ. ಹೋಗುವವರು ಆಯಿಯ ಎಡಬದಿಗೆ ಕೂರಿ, ಅವರು ಹೊಲಿಯುವಾಗ ಬಟ್ಟೆಯ ಕೆಳಗೆ ಎಡಗೈ ಏನು ಮಾಡುತ್ತದೆ ಅಂತ ಅಲ್ಲಿಂದ ಕಾಣುತ್ತದೆ. ಅದಕ್ಕೆ 9:40ಕ್ಕೇ ಹೋಗಬೇಕು. ಕತ್ತರಿ ಸ್ವಂತದ್ದು ಒಯ್ಯಿರಿ. ಹಳೆ ಸೀರೆ ಒಯ್ಯುವವರು ಹತ್ತಿಯದ್ದೇ ಒಯ್ಯಿರಿ, ಸಿಂಥೆಟಿಕ್ ಸೀರೆ ಪದರಿನೊಳಗೆ ಜಾರುತ್ತದೆ. ಕೆಂಪು, ಕಡುನೇರಳೆ ಇದ್ದರೆ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಬಣ್ಣ ಬಿಡುತ್ತದೋ ನೋಡಿ. ಮೆಟ್ಟಿಲ ಮೇಲೆ ಒಂದು ಕರಿ ನಾಯಿ ಮಲಗಿರುತ್ತದೆ, ದಾಟಿಕೊಂಡು ಹೋಗಿ, ಏನೂ ಮಾಡುವುದಿಲ್ಲ.

ಒಂದು ಕೌದಿ ಮುಗಿದಿದೆ, ನಮ್ಮ ಮನೆಯದು. ಅರ್ಧ ಅಂದದ್ದು ಆ ಗಿರಾಕಿಯದು. ಮಶೀನಿನ ಹೊಲಿಗೆ ಬಿಚ್ಚಲಿಕ್ಕೇ 9 ಸಂಜೆ ಹಿಡಿಯಿತು, ಸವೆದ ಬಟ್ಟೆಯಲ್ಲಿ ಒಂದೊಂದೇ ಟಾಕಾ ಕತ್ತರಿಸಿ ತೆಗೆಯಬೇಕಿತ್ತು. ಬಿಚ್ಚಿದ ಮೇಲೆ ಸಾಲು ಸಾಲು ತೂತು ಉಳಿದವು. ಆಯಿಗೆ ತೋರಿಸಿದೆ. ಎರಡು ಸಲ ಒಗೆದರೆ ಮುಚ್ಚಿಕೊಳ್ಳುತ್ತವೆ ಅಂದರು, ಅರ್ಧಕ್ಕರ್ಧ ಮುಚ್ಚಿಕೊಂಡವು, ಉಳಿದವುಗಳ ಮೇಲೆಯೇ ಗೆರೆ ಹಿಡಿದು ಹೊಲಿಯುತ್ತಿದ್ದೇನೆ. ಮೊನ್ನೆ ಆಕೆ ಬ್ಲೌಸ್ ಒಯ್ಯಲು ಬಂದವಳು ಕೌದಿ ಎತ್ತಿ ಮೊದಲು ಹಿಂಬದಿ ನೋಡಿದಳು. ಇದನ್ನು ಆಕೆಗೆ ಯಾರು ಹೇಳಿಕೊಟ್ಟರೋ! ಆಮೇಲೆ ಪರ್ಸಿನಿಂದ 800 ರೂಪಾಯಿ ತೆಗೆದಳು. ಒಳಗಿಟ್ಟುಕೋ ಅಂದೆ, ಎಳ್ಳ ಅಮವಾಸ್ಯೆ ಹೊತ್ತಿಗೆ ಥಂಡಿ ಬೀಳುತ್ತದೆ, ಆಗ ಬಾ.